ತುಮಕೂರಿನ ವಿಎಂಸಿ ಶೆಡ್ಡಿಗೆ ಇನ್‌ಸ್ಪೇಸ್‌ನಿಂದ ಏನು ಸಿಗುತ್ತದೆ? ಸರ್ಕಾರಿ ನೆರವಿನ ವಿಮರ್ಶೆ

ಬಾಹ್ಯಾಕಾಶ ಉದ್ಯಮಕ್ಕೆ ಸರ್ಕಾರ ಕೊಡುವ ನೆರವಿನ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ ಕೋಟಿಗಳದ್ದೇ ಲೆಕ್ಕ. 1,000 ಕೋಟಿಯ ವೆಂಚರ್ ನಿಧಿ, 500 ಕೋಟಿಯ ತಂತ್ರಜ್ಞಾನ ಅಳವಡಿಕೆ ನಿಧಿ. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ನಾಲ್ಕೈದು ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ಈ ಲೆಕ್ಕದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಅವರಿಗೆ ನಿಜವಾಗಿ ಬೆಲೆಬಾಳುವ ಭಾಗ ಇನ್‌ಸ್ಪೇಸ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಸಿಗುವ ಪರೀಕ್ಷಾ ಸೌಲಭ್ಯ, ಅಂದರೆ ಮಾಡಿದ ಪಾರ್ಟ್ ಬಾಹ್ಯಾಕಾಶದಲ್ಲಿ ತಾಳುತ್ತದೆಯೇ ಎಂದು ನೋಡುವ ಯಂತ್ರಗಳು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಮ್ಮ ಕಡೆಯ ಸಣ್ಣ ಘಟಕದ ಕಣ್ಣಿನಿಂದ ನೋಡಿ ಅಂಕ ಕೊಡುವುದಾದರೆ ದುಡ್ಡಿನ ಯೋಜನೆಗಳಿಗೆ ಐದಕ್ಕೆ ಎರಡೂವರೆ, ಪರೀಕ್ಷಾ ಸೇವೆಗೆ ಐದಕ್ಕೆ ನಾಲ್ಕು.

ಮೊದಲು ಯಾರು ಯಾರೆಂದು ತಿಳಿದಿರಲಿ. ಇಲ್ಲದಿದ್ದರೆ ಅರ್ಜಿ ಹೋಗಬೇಕಾದ ಬಾಗಿಲು ಬಿಟ್ಟು ಬೇರೆ ಬಾಗಿಲಿಗೆ ಹೋಗುತ್ತದೆ. ಇಸ್ರೋ ಸಂಶೋಧನೆ, ವಿನ್ಯಾಸದ ಸಂಸ್ಥೆ, ಜೊತೆಗೆ ದೊಡ್ಡ ಖರೀದಿದಾರ. 2019ರಲ್ಲಿ ಶುರುವಾದ ಎನ್‌ಎಸ್‌ಐಎಲ್, ಅಂದರೆ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್, ಬಾಹ್ಯಾಕಾಶ ಇಲಾಖೆಯ ವ್ಯಾಪಾರಿ ಕಂಪನಿ. 2020ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇನ್‌ಸ್ಪೇಸ್ ಖಾಸಗಿಯವರಿಗೆ ಅನುಮತಿ ಕೊಡುವ, ಕೈಹಿಡಿದು ನಡೆಸುವ ಸಂಸ್ಥೆ. ಅದರ ಕೇಂದ್ರ ಕಚೇರಿ ಅಹಮದಾಬಾದಿನ ಬೋಪಾಲ್‌ನಲ್ಲಿದೆ, 2022ರ ಜೂನ್ 10ರಂದು ಉದ್ಘಾಟನೆಯಾಯಿತು. ಯಾರ ಕೆಲಸ ಎಲ್ಲಿಯವರೆಗೆ ಎಂಬುದನ್ನು ಬರೆದಿಟ್ಟದ್ದು 2023ರ ಭಾರತೀಯ ಬಾಹ್ಯಾಕಾಶ ನೀತಿ. ಅರ್ಜಿ, ಶುಲ್ಕ, ನಿಯಮಗಳ ವಿವರ ಬಂದದ್ದು 2024ರ ಮೇ ತಿಂಗಳಿನ ಮಾರ್ಗಸೂಚಿಯಲ್ಲಿ.

ಜಿಲ್ಲೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಉಪಗ್ರಹ ನಡೆಸುವವರು, ರಾಕೆಟ್ ಹಾರಿಸುವವರು, ನೆಲಕೇಂದ್ರ ಹಾಕುವವರು ಇನ್‌ಸ್ಪೇಸ್ ಅನುಮತಿ ಪಡೆಯಬೇಕು. ಡ್ರಾಯಿಂಗ್ ಪ್ರಕಾರ ಬ್ರಾಕೆಟ್, ಹೌಸಿಂಗ್, ವೇವ್‌ಗೈಡ್ (ರೇಡಿಯೋ ತರಂಗ ಸಾಗಿಸುವ ಲೋಹದ ಕೊಳವೆ) ಮಿಲ್ ಮಾಡಿ ಕೊಡುವವರ ದಾರಿ ಬೇರೆ. ಅವರಿಗೆ ಬೇಕಾದದ್ದು ಖರೀದಿದಾರ, ಗುಣಮಟ್ಟದ ದಾಖಲೆ, ಪರೀಕ್ಷೆ. ಅನುಮತಿ ಸಿಗುವ ತನಕ ಕೆಲಸ ಮುಟ್ಟುವ ಹಾಗಿಲ್ಲ ಎಂದು ಕಾಯುತ್ತ ಕೂರುವ ಘಟಕಗಳು ಸುಮ್ಮನೆ ಕಾಲ ಕಳೆಯುತ್ತಿವೆ.

ನಮ್ಮ ಭಾಗಕ್ಕೆ ಈ ಉದ್ಯಮ ಹೊಸ ಕನಸೇನಲ್ಲ. ಆರ್ಯಭಟ ಉಪಗ್ರಹ ತಯಾರಾದದ್ದು ತುಮಕೂರು ರಸ್ತೆಯ ಬೆಂಗಳೂರು ತುದಿಯಲ್ಲಿರುವ ಪೀಣ್ಯದ ಶೆಡ್ಡುಗಳಲ್ಲಿ, ಹಾರಿದ್ದು 1975ರ ಏಪ್ರಿಲ್ 19ರಂದು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಜಾಗ ಇಸ್ರೋ ಪಾಲಾಗಿದೆ. ಗುಬ್ಬಿ ತಾಲ್ಲೂಕಿನ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಶುರುವಾಯಿತು. ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಜೋಡಿಸಿದ ಟಿಸ್ಯಾಟ್-1ಎ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಫಾಲ್ಕನ್ 9ರಲ್ಲಿ ಕಕ್ಷೆ ಸೇರಿತು. ಅಂದರೆ ಗಿರಾಕಿ ದೂರದಲ್ಲಿಲ್ಲ, ಗಿರಾಕಿ ಕೇಳುವ ಕಾಗದ ದೂರದಲ್ಲಿದೆ.

ಈಗ ಪರೀಕ್ಷಾ ಸೇವೆಗೆ ಬರೋಣ. ದಾರಿ ಹೀಗಿದೆ. ಇನ್‌ಸ್ಪೇಸ್‌ನ ಡಿಜಿಟಲ್ ಪ್ಲಾಟ್‌ಫಾರ್ಮ್‌ನಲ್ಲಿ ಕಂಪನಿ ನೋಂದಣಿ, ಆಮೇಲೆ ಸೌಲಭ್ಯ ಬಳಕೆಗೆ ಅರ್ಜಿ. ಒಪ್ಪಿದರೆ ಮೊದಲು ಒಂದು ಚೌಕಟ್ಟು ಒಪ್ಪಂದ, ಅದರಡಿ ಜೆಪಿಐಪಿ ಎಂದು ಕರೆಯುವ ಜಂಟಿ ಯೋಜನಾ ಅನುಷ್ಠಾನ ಪತ್ರ. ಯಾವ ಕೇಂದ್ರ, ಯಾವ ಯಂತ್ರ, ಯಾವ ದಿನ, ಎಷ್ಟು ಹಣ, ಯಾರ ಹೊಣೆ ಎಲ್ಲವೂ ಇರುವುದು ಈ ಜೆಪಿಐಪಿಯಲ್ಲಿ. ಪರೀಕ್ಷೆಯ ವೇಳೆ ವಸ್ತು ಹಾಳಾದರೆ ನಷ್ಟ ಯಾರದು ಎಂಬ ಕಲಮನ್ನು ಸಹಿಗೆ ಮೊದಲೇ ಓದಿ. ಬೋಪಾಲ್‌ನ ತಾಂತ್ರಿಕ ಕೇಂದ್ರದಲ್ಲಿ ಥರ್ಮೋವ್ಯಾಕ್ (ಗಾಳಿ ತೆಗೆದ ಚೇಂಬರ್‌ನಲ್ಲಿ ಬಿಸಿ, ತಂಪಿನ ಪರೀಕ್ಷೆ), ವೈಬ್ರೇಷನ್, ಹವಾಮಾನ ಪರೀಕ್ಷೆ, ಎಲೆಕ್ಟ್ರಾನಿಕ್ಸ್ ಲ್ಯಾಬ್ ಎಲ್ಲ ಒಂದೇ ಆವರಣದಲ್ಲಿವೆ. ಬೆಂಗಳೂರಿನ ಇಸ್ರೋ ಕೇಂದ್ರಗಳ ಯಂತ್ರ ಬೇಕಿದ್ದರೂ ಅರ್ಜಿ ಹೋಗಬೇಕಾದದ್ದು ಇದೇ ದಾರಿಯಲ್ಲಿ. ಅಲ್ಲಿ ಇಸ್ರೋದ ಸ್ವಂತ ಮಿಷನ್‌ಗಳಿಗೆ ಮೊದಲ ಮಣೆ, ಆದ್ದರಿಂದ ಬೆಂಗಳೂರು ಹತ್ತಿರವೆಂದು ಕಾಯುವುದಕ್ಕಿಂತ ಅಹಮದಾಬಾದಿನ ಸ್ಲಾಟ್ ಕೇಳುವುದು ಎಷ್ಟೋ ಸಲ ಜಾಣತನ.

ಇದು ಯಾಕೆ ದೊಡ್ಡ ಉಪಕಾರ ಅಂದರೆ, ಥರ್ಮೋವ್ಯಾಕ್ ಚೇಂಬರ್ ಒಂದು ಸಣ್ಣ ಘಟಕ ಕೊಳ್ಳುವ ವಸ್ತುವಲ್ಲ. ಕೊಂಡರೂ ವರ್ಷದಲ್ಲಿ ಕೆಲವೇ ದಿನ ಓಡುತ್ತದೆ. ಅದರ ವರದಿ ಇಲ್ಲದೆ ಉಪಗ್ರಹದವರು ಮಾತಿಗೇ ಕೂರುವುದಿಲ್ಲ. ಸರ್ಕಾರದ ಯಂತ್ರದಲ್ಲಿ ಪರೀಕ್ಷೆಯಾದ ವರದಿ ಕೈಯಲ್ಲಿದ್ದರೆ ಮುಂದಿನ ನಾಲ್ಕು ಗಿರಾಕಿಗಳಿಗೆ ಅದೇ ಪರಿಚಯಪತ್ರ.

ಸೇವೆ ಚೆನ್ನಾಗಿದ್ದರೂ ಸ್ಲಾಟ್ ಹಾಳಾಗುವುದು ಹೆಚ್ಚಾಗಿ ನಮ್ಮ ಕಡೆಯ ತಪ್ಪಿನಿಂದ. ಆ ತಪ್ಪುಗಳೂ ಹೊಸವಲ್ಲ, ಪದೇ ಪದೇ ಅವೇ.

ಒಂದು ಎಂ3 ಬ್ಲೈಂಡ್ ಹೋಲ್, ಅಂದರೆ 3 ಮಿಮೀ ಸ್ಕ್ರೂ ಕೂರುವ, ಆಚೆ ಬದಿಗೆ ತೆರೆಯದ ತೂತು ತೆಗೆದುಕೊಳ್ಳಿ. 6061 ಟಿ6 ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ ಡ್ರಿಲ್ ಮಾಡಿ ಟ್ಯಾಪ್ ಹೊಡೆದಾಗ (ಥ್ರೆಡ್ ಕೊರೆದಾಗ) ತಳದಲ್ಲಿ ಒಂದು ಹನಿ ಕೂಲೆಂಟ್, ಅದರಲ್ಲಿ ಸಣ್ಣ ಚಿಪ್ ಉಳಿಯುತ್ತದೆ. ಏರ್ ಗನ್ ಊದಿದರೆ ಮೇಲ್ಭಾಗ ಒಣಗುತ್ತದೆ, ತಳದ್ದು ಅಲ್ಲೇ. ಮೇಲೆ ಸ್ಕ್ರೂ ಬಿಗಿದರೆ ಗಾಳಿಯೂ ಹನಿಯೂ ಒಳಗೆ ಬಂದಿ. ಚೇಂಬರ್ ಒತ್ತಡ 10ರ ಮೈನಸ್ 5ನೇ ಘಾತದ ಮಿಲಿಬಾರ್‌ಗೆ ಇಳಿಯಬೇಕು, ಆದರೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತುಬಿಡುತ್ತದೆ. ಚೇಂಬರ್‌ನ ಸೀಲ್ ಸರಿಯಿದೆ, ಪಂಪ್ ಸರಿಯಿದೆ, ಥ್ರೆಡ್ಡಿನ ಸಂದಿಯಿಂದ ಆ ಒಂದು ಹನಿ ಗಂಟೆಗಟ್ಟಲೆ ಸೋರುತ್ತಿದೆ. ಇದಕ್ಕೆ ವರ್ಚುವಲ್ ಲೀಕ್ ಎನ್ನುತ್ತಾರೆ. ಪರಿಹಾರ ಮೂರು: ಸಾಧ್ಯವಿದ್ದಲ್ಲಿ ಥ್ರೂ ಹೋಲ್, ಇಲ್ಲವೇ ಪಕ್ಕದಿಂದ 1 ಮಿಮೀ ವೆಂಟ್ ಹೋಲ್, ಅದೂ ಆಗದಿದ್ದರೆ ನಡುವೆ ತೂತಿರುವ ವೆಂಟೆಡ್ ಸ್ಕ್ರೂ. ವೆಂಟ್ ಹೋಲ್ ಸೇರಿಸಬೇಕಾದರೆ ವಿನ್ಯಾಸಕಾರರ ಲಿಖಿತ ಒಪ್ಪಿಗೆ ಬೇಕು, ಶೆಡ್ಡಿನಲ್ಲೇ ಜಾಣತನ ಮಾಡಿ ತೂತು ಹಾಕಿದರೆ ಪಾರ್ಟ್ ರಿಜೆಕ್ಟ್. ಮಷಿನಿಂಗ್ ಮುಗಿದ ಮೇಲೆ ಅಲ್ಟ್ರಾಸಾನಿಕ್ ಕ್ಲೀನಿಂಗ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ತೊಳೆತ, ಡ್ರಾಯಿಂಗ್ ಅನುಮತಿಸುವ ತಾಪದಲ್ಲಿ ವ್ಯಾಕ್ಯೂಮ್ ಬೇಕ್, ಅಂದರೆ ನಿರ್ವಾತದಲ್ಲಿ ಕಾಯಿಸುವುದು. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಪೌಡರ್ ಇರುವ ಕೈಗವಸೂ ಬೇಡ, ನೈಟ್ರೈಲ್ ಸಾಕು.

ಇನ್ನೊಂದು ಅಂಟು, ಟೇಪ್, ಇಂಕ್‌ಗಳ ಸಮಸ್ಯೆ. ನಿರ್ವಾತದಲ್ಲಿ ಇವು ಆವಿ ಬಿಡುತ್ತವೆ, ಆ ಆವಿ ಕ್ಯಾಮೆರಾ ಲೆನ್ಸ್ ಅಥವಾ ಸೌರಫಲಕದ ಮೇಲೆ ಕೂರುತ್ತದೆ. ಅಡುಗೆಮನೆಯ ಟ್ಯೂಬ್‌ಲೈಟ್ ಮೇಲೆ ಎಣ್ಣೆ ಜಿಡ್ಡು ಕೂರುವ ಹಾಗೆ, ಆದರೆ ಇಲ್ಲಿ ಒರೆಸಲು ಯಾರೂ ಹೋಗಲಾರರು. ಒಪ್ಪಿತ ಮಟ್ಟ ಎಎಸ್‌ಟಿಎಂ ಇ595 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಮಾನದಂಡದ್ದು: ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟಾಗ ಒಟ್ಟು ತೂಕದ ನಷ್ಟ 1.0 ಶೇಕಡಾ ಮೀರಬಾರದು, ತಣ್ಣನೆಯ ತಟ್ಟೆಯ ಮೇಲೆ ಕೂತ ಜಿಡ್ಡು 0.10 ಶೇಕಡಾ ಮೀರಬಾರದು. ಪಾರ್ಟ್ ನಂಬರ್ ಬರೆಯಲು ಅಂಗಡಿಯ ಪರ್ಮನೆಂಟ್ ಮಾರ್ಕರ್ ಬಳಸಿ ಸಿಕ್ಕಿಬಿದ್ದವರಿದ್ದಾರೆ. ಡ್ರಾಯಿಂಗ್ ಒಪ್ಪಿದರೆ ಲೇಸರ್ ಮಾರ್ಕಿಂಗ್ ಮಾಡಿ, ಇಲ್ಲದಿದ್ದರೆ ಗುರುತಿನ ಚೀಟಿ ಚೀಲದ ಮೇಲಿರಲಿ. ಶೆಡ್ಡಿನಲ್ಲಿ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸವಿದ್ದರೆ ಆ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿ.

ಫಾಸ್ಟನರ್, ಅಂದರೆ ಬೋಲ್ಟು ಸ್ಕ್ರೂಗಳ ವಿಷಯ ಸಣ್ಣದು, ಆದರೆ ಪೆಟ್ಟು ದೊಡ್ಡದು. ಹಾರ್ಡ್‌ವೇರ್ ಅಂಗಡಿಯ ಜಿಂಕ್ ಲೇಪದ ಬೋಲ್ಟ್ ಬೇಡ, ಕ್ಯಾಡ್ಮಿಯಂ ಅಂತೂ ಬೇಡವೇ ಬೇಡ, ಎರಡೂ ನಿರ್ವಾತದಲ್ಲಿ ಆವಿಯಾಗುತ್ತವೆ. ಶುದ್ಧ ತವರದ ಲೇಪದಿಂದ ಕೂದಲಿನಂಥ ಎಳೆಗಳು ಬೆಳೆದು ಶಾರ್ಟ್ ಆಗುತ್ತದೆ. ಸ್ಟೇನ್‌ಲೆಸ್ ಸ್ಕ್ರೂವನ್ನು ಸ್ಟೇನ್‌ಲೆಸ್ ಹೆಲಿಕಾಯ್ಲ್‌ಗೆ (ತೂತಿನೊಳಗೆ ಕೂರಿಸುವ ಥ್ರೆಡ್ಡಿನ ಸುರುಳಿ) ಒಣದಾಗಿ ಬಿಗಿದರೆ ಕಚ್ಚಿಕೊಂಡು ತಲೆ ಮುರಿಯುತ್ತದೆ, ಆದ್ದರಿಂದ ಅನುಮೋದಿತ ಡ್ರೈ ಲೂಬ್ (ಎಣ್ಣೆಯಿಲ್ಲದ ಒಣ ಜಾರುಲೇಪ) ಬೇಕೇ ಬೇಕು.

ವೈಬ್ರೇಷನ್ ಟೇಬಲ್‌ಗೆ ಹೋಗುವ ಮೊದಲು ಫಿಕ್ಸ್ಚರ್, ಅಂದರೆ ಪಾರ್ಟನ್ನು ಟೇಬಲ್‌ಗೆ ಬಿಗಿಯುವ ಚೌಕಟ್ಟಿನ ಬಗ್ಗೆ ಒಂದು ಮಾತು. ರ‍್ಯಾಂಡಮ್ ವೈಬ್ರೇಷನ್ ನಡೆಯುವುದು 20ರಿಂದ 2,000 ಹರ್ಟ್ಸ್‌ವರೆಗೆ. ಫಿಕ್ಸ್ಚರ್‌ನ ಸ್ವಂತ ಅನುರಣನ ಆ ಪಟ್ಟಿಯೊಳಗೆ ಬಿದ್ದರೆ ಟೇಬಲ್ ಕೊಟ್ಟ ಹೊಡೆತವನ್ನು ಫಿಕ್ಸ್ಚರ್ ಹಿಗ್ಗಿಸಿ ಪಾರ್ಟ್‌ಗೆ ಕೊಡುತ್ತದೆ. ಒಳ್ಳೆಯ ಪಾರ್ಟ್ ಕೂಡ ಬಿರುಕು ಬಿಡುತ್ತದೆ, ದೂರು ಟೇಬಲ್ ಮೇಲೆ ಹೋಗುತ್ತದೆ. ತೆಳ್ಳಗಿನ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿಗೆ ಕಾಲು ವೆಲ್ಡ್ ಮಾಡಿದ ಫಿಕ್ಸ್ಚರ್ ಇದಕ್ಕೆ ನಡೆಯದು. ದಪ್ಪ ಅಲ್ಯೂಮಿನಿಯಂನ ಒಂದೇ ಬ್ಲಾಕ್‌ನಿಂದ ಮಿಲ್ ಮಾಡಿ. ಪ್ರತಿ ಶೇಕರ್‌ನ (ವೈಬ್ರೇಷನ್ ಯಂತ್ರದ) ಹೋಲ್ ಪ್ಯಾಟರ್ನ್ ಬೇರೆ, ಇನ್ಸರ್ಟ್ ಸೈಜ್ ಬೇರೆ. ಇಂಟರ್‌ಫೇಸ್ ಡ್ರಾಯಿಂಗ್ ತರಿಸಿಕೊಳ್ಳದೆ ಫಿಕ್ಸ್ಚರ್ ಮಾಡಿ ಲಾರಿಗೆ ಹಾಕಿದರೆ ಅಲ್ಲಿ ಕೂತು ಅಡಾಪ್ಟರ್ ಪ್ಲೇಟ್ ಹುಡುಕಬೇಕಾಗುತ್ತದೆ, ಅಷ್ಟರಲ್ಲಿ ನಿಮ್ಮ ಸ್ಲಾಟ್ ಮುಂದಿನವರದು.

ಇಷ್ಟಾದ ಮೇಲೂ ಐದಕ್ಕೆ ಐದು ಕೊಡದಿರಲು ಕಾರಣವಿದೆ. ಪೋರ್ಟಲ್‌ನ ಭಾಷೆ ಉಪಗ್ರಹ ಕಂಪನಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬರೀ ಬಿಡಿಭಾಗ ಮಾಡುವವನಿಗೆ ಅರ್ಧ ಪ್ರಶ್ನೆಗಳು ಅನ್ವಯಿಸುವುದಿಲ್ಲ, ಆದರೆ ಖಾಲಿ ಬಿಟ್ಟರೆ ಅರ್ಜಿ ವಿವರಣೆ ಕೇಳಿಕೊಂಡು ವಾಪಸ್ಸು ಬರುತ್ತದೆ. ‘ಅನ್ವಯಿಸುವುದಿಲ್ಲ, ಕಾರಣ ಇದು’ ಎಂದು ಒಂದು ಸಾಲು ಬರೆಯುವುದು ವಾಸಿ. ಅರ್ಜಿಯ ಜೊತೆಗೆ ಟೆಸ್ಟ್ ಪ್ಲಾನ್ ಚೊಕ್ಕವಾಗಿರಲಿ: ವಸ್ತುವಿನ ತೂಕ, ಅಳತೆ, ಗುರುತ್ವ ಕೇಂದ್ರ, ತಾಪದ ಮಿತಿ, ಎಷ್ಟು ಸೈಕಲ್, ಎಷ್ಟು ಥರ್ಮೋಕಪಲ್ (ತಾಪ ಅಳೆಯುವ ತಂತಿ), ಪಾಸ್ ಫೇಲ್ ಹೇಗೆ ತೀರ್ಮಾನ. ‘ವೈಬ್ರೇಷನ್ ಟೆಸ್ಟ್ ಬೇಕು’ ಎಂದಷ್ಟೇ ಬರೆದವರಿಗೆ ಬರುವುದು ಸ್ಲಾಟ್ ಅಲ್ಲ, ಇನ್ನೊಂದು ಇಮೇಲ್.

ದುಡ್ಡಿನ ಯೋಜನೆಗಳತ್ತ ನೋಡಿದರೆ ಚಿತ್ರ ಬೇರೆ. 2024ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿದ 1,000 ಕೋಟಿಯ ವೆಂಚರ್ ನಿಧಿ ಒಂದೊಂದು ಕಂಪನಿಗೆ ಹಾಕಲು ಅಂದಾಜಿಸಿರುವುದು 10ರಿಂದ 60 ಕೋಟಿ, ಅದೂ ಷೇರು ತೆಗೆದುಕೊಂಡು. ಜಾಬ್ ವರ್ಕ್ ಶೆಡ್ಡಿಗೆ ಅದು ಸಂಬಂಧವೇ ಇಲ್ಲದ ಊರು. ಇನ್‌ಸ್ಪೇಸ್ ಸೀಡ್ ಫಂಡ್ 1 ಕೋಟಿವರೆಗೆ ಕೊಡುತ್ತದೆ, ಆದರೆ ಅದು ಪ್ರಕಟಿಸಿದ ವಿಷಯದ ಮೇಲೆ ಅರ್ಜಿ ಕರೆದಾಗ ಮಾತ್ರ, ಆರಂಭದ ಹಂತದ ಸ್ಟಾರ್ಟಪ್‌ಗಳಿಗೆ.

ಕೆಲಸಕ್ಕೆ ಬರುವುದು 2025ರ ಫೆಬ್ರವರಿಯಲ್ಲಿ ಬಂದ ತಂತ್ರಜ್ಞಾನ ಅಳವಡಿಕೆ ನಿಧಿ. ಸ್ಟಾರ್ಟಪ್ ಮತ್ತು ಎಂಎಸ್‌ಎಂಇಗಳಿಗೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಯೋಜನಾ ವೆಚ್ಚದ ಶೇಕಡಾ 60ರವರೆಗೆ, ದೊಡ್ಡ ಕಂಪನಿಗಳಿಗೆ ಶೇಕಡಾ 40ರವರೆಗೆ, ಒಂದು ಯೋಜನೆಗೆ ಗರಿಷ್ಠ 25 ಕೋಟಿ. ಉದ್ದೇಶ, ಆರಂಭದ ಹಂತದಲ್ಲಿರುವ ದೇಶಿ ತಂತ್ರಜ್ಞಾನವನ್ನು ಮಾರುವಂಥ ಉತ್ಪನ್ನವಾಗಿಸುವುದು, ಆಮದು ತಗ್ಗಿಸುವುದು. ಇದನ್ನು ಹೊಸ 5-ಆಕ್ಸಿಸ್ ಮಷಿನ್ ಕೊಳ್ಳುವ ಸಬ್ಸಿಡಿ ಎಂದುಕೊಂಡು ಹೊರಟರೆ ನಿರಾಸೆ. ಹೊರದೇಶದಿಂದ ಬರುವ ಒಂದು ಬಿಡಿಭಾಗ ಹೆಸರಿಸಿ, ಅದರ ಬದಲಿ ಯಾವ ಹಂತದಲ್ಲಿದೆ, ಕೊಳ್ಳುವವರು ಯಾರು ಎಂದು ತೋರಿಸಿದರೆ ಮಾತು ಮುಂದುವರಿಯುತ್ತದೆ. ಲೆಕ್ಕವನ್ನೂ ನೋಡಿ: 1 ಕೋಟಿಯ ಯೋಜನೆಯಲ್ಲಿ ನೆರವು ಹೆಚ್ಚೆಂದರೆ 60 ಲಕ್ಷ, ಮಿಕ್ಕ 40 ಲಕ್ಷ ನಿಮ್ಮದು. ಆ 40 ಲಕ್ಷದ ಮೂಲ ಮೊದಲೇ ಗಟ್ಟಿ ಮಾಡಿಕೊಳ್ಳದೆ ಅರ್ಜಿ ಹಾಕಬಾರದು.

ರಕ್ಷಣಾ ಬಾಹ್ಯಾಕಾಶದ ಕಡೆ ರಕ್ಷಣಾ ಸಚಿವಾಲಯದ ಹೊಸ ತಂತ್ರಜ್ಞಾನ ನೆರವಿನ ಯೋಜನೆ ಐಡೆಕ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಮಿಷನ್ ಡೆಫ್‌ಸ್ಪೇಸ್ ಹೆಸರಿನಲ್ಲಿ 75 ಸವಾಲುಗಳನ್ನು ಮುಂದಿಟ್ಟರು. ಸಾಮಾನ್ಯ ಐಡೆಕ್ಸ್ ಅನುದಾನ 1.5 ಕೋಟಿವರೆಗೆ, ಐಡೆಕ್ಸ್ ಪ್ರೈಮ್ 10 ಕೋಟಿವರೆಗೆ, ಹಣ ಹಂತ ಮುಗಿಸಿದಂತೆ ಬರುತ್ತದೆ. ರಾಜ್ಯದ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಒಂದು ಸಲದ ಅನುದಾನ ಕೊಡುತ್ತದೆ, ಸಣ್ಣ ತಂಡಕ್ಕೆ ಅದೇ ಸರಳ.

ಈ ಎಲ್ಲದಕ್ಕೂ ಮುಂಚೆ ಒಂದು ತೊಡಕು. ತುಮಕೂರಿನ ಬಹುಪಾಲು ಶೆಡ್ಡುಗಳು ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರದೇ ಮಾಲೀಕತ್ವ. ಡಿಪಿಐಐಟಿ (ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ) ಕೊಡುವ ಸ್ಟಾರ್ಟಪ್ ಮಾನ್ಯತೆ ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆಯಂಥ ರೂಪಗಳಿಗೇ. ಹಳೇ ವ್ಯಾಪಾರವನ್ನು ಒಡೆದು ಹೊಸ ಹೆಸರಿಟ್ಟು ತಂದರೆ ಮಾನ್ಯತೆ ಇಲ್ಲ. ಆದ್ದರಿಂದ ಸ್ಟಾರ್ಟಪ್ ಪಟ್ಟದ ಹಿಂದೆ ಓಡುವುದಕ್ಕಿಂತ ಉದ್ಯಮ್ ನೋಂದಣಿ (ಎಂಎಸ್‌ಎಂಇಗಳ ಸರ್ಕಾರಿ ನೋಂದಣಿ) ಹಿಡಿದು ಎಂಎಸ್‌ಎಂಇ ದಾರಿಯಲ್ಲಿ ನಡೆಯುವುದು ನಮ್ಮ ಘಟಕಗಳಿಗೆ ಹೊಂದುತ್ತದೆ. 2025ರ ಏಪ್ರಿಲ್ 1ರಿಂದ ಮಿತಿಯೂ ಸಡಿಲವಾಗಿದೆ: ಯಂತ್ರೋಪಕರಣದ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ದಾಟದಿದ್ದರೆ ಇನ್ನೂ ಸಣ್ಣ ಘಟಕವೇ. ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ನಿಧಿಯಡಿಯ ಸಾಲದ ಮಿತಿಯೂ ಆಗಲೇ 5 ಕೋಟಿಯಿಂದ 10 ಕೋಟಿಗೆ ಏರಿತು. ಮಷಿನ್ ಕೊಳ್ಳಲು ನೋಡಬೇಕಾದ್ದು ಈ ಕಡೆಗೆ.

ಜಿಲ್ಲಾ ಮಟ್ಟದಲ್ಲಿ 15 ಕೋಟಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯಲ್ಲೇ ತೀರ್ಮಾನವಾಗುತ್ತವೆ. ಕಾಗದದಲ್ಲಿ ಅಚ್ಚುಕಟ್ಟು. ಸಮಿತಿ ಒಪ್ಪಿದ ಮೇಲೆ ಕೆಳಗಿನ ಒಂದೊಂದು ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರ) ಅಲೆಯುವಾಗ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಮಾತು ನೆನಪಾಗದವರಿಲ್ಲ. ಹೂಡಿಕೆ ಸಬ್ಸಿಡಿ ಸಾಮಾನ್ಯವಾಗಿ ಕೈಗೆ ಬರುವುದು ಘಟಕ ಉತ್ಪಾದನೆ ಶುರುಮಾಡಿದ ಮೇಲೆ, ಅದನ್ನು ನಂಬಿ ಇಎಂಐ ಹೊಂದಿಸಬೇಡಿ. ಕರೆಂಟ್ ವಿಷಯ ಯಾವ ಯೋಜನೆಯ ಕರಪತ್ರದಲ್ಲೂ ಇಲ್ಲ. ಟೈಟಾನಿಯಂ ಪಾರ್ಟ್‌ನ ಫಿನಿಷಿಂಗ್ ಪಾಸ್ ನಡೆಯುತ್ತಿರುವಾಗ ಅರೆಕ್ಷಣ ವೋಲ್ಟೇಜ್ ಕುಸಿದರೂ ಸ್ಪಿಂಡಲ್ ಟ್ರಿಪ್ ಆಗುತ್ತದೆ, ಟೂಲ್ ನಿಂತ ಕಡೆ ಗುರುತು ಉಳಿಯುತ್ತದೆ, ಆ ಒಂದು ಗುರುತಿಗೆ ಪಾರ್ಟ್ ಹೋಯಿತು. ಜನರೇಟರ್ ಇದಕ್ಕೆ ಉತ್ತರವಲ್ಲ, ಅದು ಏಳುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಆ ಒಂದು ಮಷಿನ್‌ಗಾದರೂ ಆನ್‌ಲೈನ್ ಯುಪಿಎಸ್ ಬೇಕು, ಅದರ ಖರ್ಚನ್ನು ಯೋಜನಾ ವರದಿಯಲ್ಲೇ ಸೇರಿಸಿ.

ಗುಣಮಟ್ಟದ ಕಾಗದ ಎಂದಾಗ ವೈಮಾನಿಕ, ಬಾಹ್ಯಾಕಾಶ ಉದ್ಯಮದ ಎಎಸ್9100 ಸರ್ಟಿಫಿಕೇಟ್ ಒಂದೇ ಅಲ್ಲ. ಮೊದಲ ಪಾರ್ಟ್‌ನ ತಪಾಸಣೆಗೆ ಎಎಸ್9102 ಮಾನದಂಡದ ಪ್ರಕಾರ ಮೂರು ಫಾರ್ಮ್: ಒಂದರಲ್ಲಿ ಪಾರ್ಟ್‌ನ ಗುರುತು, ಎರಡರಲ್ಲಿ ಕಚ್ಚಾವಸ್ತು ಮತ್ತು ವಿಶೇಷ ಪ್ರಕ್ರಿಯೆ, ಮೂರರಲ್ಲಿ ಡ್ರಾಯಿಂಗ್‌ನ ಪ್ರತಿ ಅಳತೆಗೂ ಬಲೂನ್ ನಂಬರ್ ಹಾಕಿ ಎದುರಿಗೆ ನಿಜವಾಗಿ ಬಂದ ಅಳತೆ. ‘ಓಕೆ’ ಎಂದು ಬರೆದರೆ ಸಾಲದು, ಸಂಖ್ಯೆ ಬೇಕು. ಶೆಡ್ಡಿನಲ್ಲಿ ಸಿಎಂಎಂ (ನಿಖರ ಅಳತೆಯ ಯಂತ್ರ) ಇಲ್ಲದವರಿಗೆ ತುಮಕೂರು ರಸ್ತೆಯಲ್ಲೇ ಯಶವಂತಪುರದ ಸಿಎಂಟಿಐ ಇದೆ, ಕೇಂದ್ರ ಸರ್ಕಾರದ ಸಂಸ್ಥೆ, ಅಳತೆಯ ಕೆಲಸಕ್ಕೆ ಅದರ ಮಾತಿಗೆ ತೂಕವಿದೆ. ಫಾರ್ಮ್ ಎರಡರಲ್ಲಿ ಸಿಕ್ಕಿಕೊಳ್ಳುವವರೇ ಜಾಸ್ತಿ: ದೊಡ್ಡ ಪ್ಲೇಟಿನಿಂದ ತುಂಡು ಕತ್ತರಿಸಿದಾಗ ಹೀಟ್ ನಂಬರ್ (ಆ ಲೋಹ ಕರಗಿಸಿದ ಕಂತಿನ ಗುರುತು) ಇರುವ ಮೂಲೆ ಸ್ಕ್ರ್ಯಾಪ್‌ಗೆ ಹೋಗಿರುತ್ತದೆ. ಕತ್ತರಿಸುವ ಮೊದಲೇ ಪ್ರತಿ ತುಂಡಿಗೂ ಹೀಟ್ ನಂಬರ್ ಪಂಚ್ ಮಾಡಿ. ಅದಿಲ್ಲದೆ ಲೋಹ ತಯಾರಕರ ಮಿಲ್ ಸರ್ಟಿಫಿಕೇಟ್ ಬರೀ ಕಾಗದ.

ಕೊನೆಗೆ ಹಣದ ಓಟ. ಸರ್ಕಾರಿ ಟೆಂಡರ್‌ಗಳಲ್ಲಿ ಸೂಕ್ಷ್ಮ, ಸಣ್ಣ ಘಟಕಕ್ಕೆ ಇಎಂಡಿ (ಟೆಂಡರ್ ಹಾಕುವಾಗಿನ ಠೇವಣಿ) ವಿನಾಯಿತಿ ಇದೆ. ಪರ್ಫಾರ್ಮೆನ್ಸ್ ಸೆಕ್ಯುರಿಟಿಗೂ (ಆರ್ಡರ್ ಸಿಕ್ಕ ಮೇಲಿನ ಠೇವಣಿ) ಅದೇ ವಿನಾಯಿತಿ ಎಂದು ಭಾವಿಸಿ ದರ ಕೊಟ್ಟವರು ಆಮೇಲೆ ಬ್ಯಾಂಕಿಗೆ ಓಡುತ್ತಾರೆ. ಖರೀದಿದಾರರೇ ಟೈಟಾನಿಯಂ ಕೊಟ್ಟು ಮಾಡಿಸುವ ಕೆಲಸದಲ್ಲಿ ಆ ಲೋಹದ ಮೌಲ್ಯಕ್ಕೆ ಬ್ಯಾಂಕ್ ಗ್ಯಾರಂಟಿ ಅಥವಾ ವಿಮೆ ಕೇಳುತ್ತಾರೆ, ಅದಕ್ಕೆ ಬ್ಯಾಂಕ್ ಮಾರ್ಜಿನ್ ಹಣ ಹಿಡಿದಿಡುತ್ತದೆ. ಕೊನೆಗೆ ಚಿಪ್, ತುಂಡು, ರಿಜೆಕ್ಟ್ ಎಲ್ಲದರ ತೂಕದ ಲೆಕ್ಕ ಒಪ್ಪಿಸಬೇಕು. ಟೈಟಾನಿಯಂ ಚಿಪ್ಪನ್ನು ಅಲ್ಯೂಮಿನಿಯಂ ಚಿಪ್ ಜೊತೆ ಬೆರೆಸಿದರೆ ಲೆಕ್ಕವೂ ಹೋಯಿತು, ಬೆಂಕಿಯ ಅಪಾಯವೂ ಬಂತು.

ಪೇಮೆಂಟ್‌ಗೆ 2006ರ ಎಂಎಸ್‌ಎಂಇ ಕಾಯ್ದೆಯ 45 ದಿನದ ಮಿತಿ ಇದೆ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದರ ಬಲ ಸಿಗಬೇಕಾದರೆ ಪಿಒ (ಖರೀದಿ ಆದೇಶ) ಬರುವ ಮೊದಲೇ ಉದ್ಯಮ್ ನೋಂದಣಿ ಇರಲಿ, ನಂಬರನ್ನು ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ವೇದಿಕೆಗೆ ಸೇರುವುದು ಕಡ್ಡಾಯವಾಗಿದೆ, ಅಂಥವರ ಇನ್‌ವಾಯ್ಸನ್ನು ಅಲ್ಲಿ ಡಿಸ್ಕೌಂಟ್ ಮಾಡಿಸಿಕೊಂಡು, ಸ್ವಲ್ಪ ಕಡಿತಕ್ಕೆ ಬೇಗ ಹಣ ಪಡೆಯಬಹುದು. ಆದರೆ ನಿಮ್ಮ ಗಿರಾಕಿ ಬೆಂಗಳೂರಿನ ಸಣ್ಣ ಉಪಗ್ರಹ ಸ್ಟಾರ್ಟಪ್ ಆಗಿದ್ದರೆ ಇದೊಂದೂ ನಡೆಯದು, ಅವರಿಗೇ ಮುಂದಿನ ಸುತ್ತಿನ ಹೂಡಿಕೆ ಬರಬೇಕಿರುತ್ತದೆ. ಅಂಥ ಕಡೆ ಕಚ್ಚಾವಸ್ತುವಿನ ದುಡ್ಡು ಮುಂಗಡ ಪಡೆಯದೆ ಮಷಿನ್ ಮೇಲೆ ಬ್ಲಾಕ್ ಇಡಬೇಡಿ.

ಹೊರದೇಶದಿಂದ ಆರ್ಡರ್ ಬಂದರೆ ಸಂತೋಷಪಡುವ ಮೊದಲು ಸ್ಕೊಮೆಟ್ (ರಫ್ತು ನಿಯಂತ್ರಣವಿರುವ ವಸ್ತುಗಳ) ಪಟ್ಟಿಯ 5ನೇ ವರ್ಗ ನೋಡಿ, ಬಾಹ್ಯಾಕಾಶ ಮತ್ತು ವೈಮಾನಿಕ ವಸ್ತುಗಳು ಅಲ್ಲಿವೆ. ಪಟ್ಟಿಯಲ್ಲಿದ್ದರೆ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಪರವಾನಗಿ ಬೇಕು, ಅದಕ್ಕೆ ಕೊನೆಯ ಬಳಕೆದಾರರ ಪ್ರಮಾಣಪತ್ರವನ್ನೂ ತರಿಸಬೇಕು. ಈ ನಿಯಮ ಪಾರ್ಸೆಲ್‌ಗೆ ಮಾತ್ರವಲ್ಲ, ಪಟ್ಟಿಯಲ್ಲಿರುವ ವಸ್ತುವಿನ ತಾಂತ್ರಿಕ ಡ್ರಾಯಿಂಗನ್ನು ಇಮೇಲ್‌ನಲ್ಲಿ ಹೊರಗೆ ಕಳಿಸಿದರೂ ಅದು ರಫ್ತೇ. ಕೊಟೇಶನ್ ಜೊತೆ ಮಾದರಿಗೆಂದು ಹಳೇ ಡ್ರಾಯಿಂಗ್ ಲಗತ್ತಿಸುವ ಅಭ್ಯಾಸವನ್ನು ಇವತ್ತೇ ಬಿಡಿ.